ಮುಂಗೋಳಿಗೆ ಮುಂಚಿನ ಎಚ್ಚರ

ಸಿರಾದ ಚರಿತ್ರೆಯನ್ನು ಬರೆಯುವವರಿಗೆ ಇಸವಿಗಳ ಬರವಿಲ್ಲ. ಮಲಿಕ್ ರಿಹಾನನ ಗೋರಿ 1651ರದು. 1687ರಲ್ಲಿ ಮೊಗಲರು ಆ ಊರನ್ನು ತಮ್ಮ ಸುಭೆಗೆ ರಾಜಧಾನಿಯನ್ನಾಗಿ ಮಾಡಿಕೊಂಡರು. 1761ರಲ್ಲಿ ಅದು ಹೈದರಾಲಿಯ ಕೈಸೇರಿತು. ಮದ್ದಗಿರಿ ಎಂದಿದ್ದುದು ಮಧುಗಿರಿಯಾದದ್ದು 1927ರಲ್ಲಿ. ಕೊರಟಗೆರೆ ಸೀಮೆಯಲ್ಲಿ ಚನ್ನರಾಯನದುರ್ಗವಿದೆ, ಪಾವಗಡಕ್ಕೆ ಅದರದೇ ಬೆಟ್ಟ, ಅದರದೇ ಕೋಟೆ. ಈ ಕೋಟೆಗಳ ಬುರುಜಿನ ಮೇಲೆ ರಾತ್ರಿಯೆಲ್ಲ ಎಚ್ಚರವಿದ್ದ ಕಾವಲುಗಾರನಿಗೆ ಸಂಬಳವೋ ಉಂಬಳಿಯೋ ಸಂದಿರಬೇಕು. ಅದೇ ಬುರುಜಿನ ಕೆಳಗಿನ ಮನೆಯಲ್ಲಿ, ಅದೇ ಜಾವದಲ್ಲಿ, ಕಣ್ಣು ಬಿಟ್ಟುಕೊಂಡು ತೊಲೆ ಎಣಿಸುತ್ತ ಮಲಗಿದ್ದ ಹೆಂಗಸಿನ ವಿಚಾರ ಮಾತ್ರ ಯಾವ ಕಡತದಲ್ಲಿಯೂ ಇಲ್ಲ.

ನಾನು ಹೇಳಹೊರಟಿರುವುದು ಈ ಎರಡನೆಯ ಎಚ್ಚರದ ಚರಿತ್ರೆ. ಹೆಂಗಸಿಗೆ ನಲವತ್ತೈದು, ಐವತ್ತರ ಆಸುಪಾಸಿನಲ್ಲಿ ಮುಟ್ಟು ಹಿಂದುಮುಂದಾಗಿ ಕಡೆಗೆ ನಿಂತುಹೋಗುವ ಕಾಲಕ್ಕೆ, ಅದುವರೆಗೆ ಕೇಳದೆಯೇ ಬರುತ್ತಿದ್ದ ನಿದ್ದೆಯೂ ಕೈಕೊಡುತ್ತದೆ. ಮಲಗಿದೊಡನೆ ಬಂದರೂ ಬಂದೀತು. ನಡುರಾತ್ರಿ ದಾಟಿತೋ ಇಲ್ಲವೋ, ಎದೆಯೊಳಗೆ ಯಾರೋ ಕೆಂಡ ಕೆದಕಿದ ಹಾಗೆ ಕಾವೇಳುತ್ತದೆ. ಕತ್ತು, ಮುಖ, ನೆತ್ತಿಯವರೆಗೆ ಝಳ ಹತ್ತಿ ಮೈಯೆಲ್ಲ ಬೆವರಿಳಿಯುತ್ತದೆ. ಹೊದೆದ ಕಂಬಳಿಯನ್ನು ಒದೆಯುತ್ತಾಳೆ. ಬೆವರು ಆರಿ ಚಳಿಯಾದಾಗ ಅದನ್ನೇ ಮತ್ತೆ ಎಳೆದುಕೊಳ್ಳುತ್ತಾಳೆ. ಅಷ್ಟರಲ್ಲಿ ನಿದ್ದೆ ಹಾರಿಹೋಗಿರುತ್ತದೆ. ಈ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ನಲವತ್ತರಿಂದ ಅರವತ್ತು ಮಂದಿಗೆ ನಿದ್ದೆಯ ತೊಂದರೆ ಉಂಟೆಂದು ಇಂದಿನ ವೈದ್ಯರ ಲೆಕ್ಕ. ಇದು ನೂರಕ್ಕೆ ಒಬ್ಬರಿಗೆ ಬರುವ ವಿಚಿತ್ರ ರೋಗವಾಗಿದ್ದರೆ ಅದಕ್ಕೊಂದು ಹೆಸರೂ ಒಂದು ಹರಕೆಯೂ ಎಂದೋ ಹುಟ್ಟಿರುತ್ತಿದ್ದವೋ ಏನೋ!

ಉಪಾಧ್ಯಾಯಿನಿಯಾಗಿ ಈ ನಾಲ್ಕು ತಾಲ್ಲೂಕುಗಳಲ್ಲಿ ಮೂವತ್ತೆರಡು ವರ್ಷ ಅಲೆದವಳು ನಾನು. ಚರಿತ್ರೆಯೇ ನನ್ನ ಪಾಠದ ವಿಷಯ. ಹುಡುಗರಿಗೆ ಸುಬೇದಾರರ ಹೆಸರು ಬಾಯಿಪಾಠ ಮಾಡಿಸಿದ್ದೇನೆ. ಹುಡುಗರ ತಾಯಂದಿರೊಡನೆ, ಅಜ್ಜಿಯರೊಡನೆ ಜಗಲಿಯ ಮೇಲೆ ಕುಳಿತು ಆಡಿದ ಮಾತುಗಳು ಪಾಠದ ಪುಸ್ತಕದಲ್ಲಿರಲಿಲ್ಲ. ಅವುಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಒಂದು ಮಾತು, “ನಿದ್ದೆ ಹತ್ತಾಕಿಲ್ಲ ಕಣವ್ವ.” ಪಾವಗಡದ ಕಡೆ ತೆಲುಗು ಮನೆಮಾತಿನವರು “ನಿದ್ರ ಪಟ್ಟದು” ಎನ್ನುತ್ತಾರೆ. ಏಕೆ ಹತ್ತುವುದಿಲ್ಲವೆಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ: ಮಗಳ ಮದುವೆಯ ಚಿಂತೆ, ಬೋರು ಬತ್ತಿದ ಚಿಂತೆ, ಮಗ ಬೆಂಗಳೂರಿನಿಂದ ಬರಲಿಲ್ಲವೆಂಬ ಚಿಂತೆ. ಮುಟ್ಟು ನಿಂತದ್ದರಿಂದ ಎಂದು ತಾನಾಗಿ ಹೇಳಿದವರು ನನಗೆ ನೆನಪಿಲ್ಲ.

ಇದಕ್ಕೆ ಮಾತಿನ ಬಡತನವೂ ಒಂದು ಕಾರಣ. ‘ಋತುಬಂಧ’ ಎಂಬುದು ಪುಸ್ತಕದ ಮಾತು. ಜಗಲಿಯ ಮೇಲೆ ಅದು ಹುಟ್ಟಿದ್ದಲ್ಲ. ಆಡುಮಾತಿನಲ್ಲಿ ಇರುವುದು ‘ಮುಟ್ಟು ನಿಂತಿದೆ’ ಎಂಬುದೊಂದೇ. ಆ ಮಾತನ್ನೇ ಗರ್ಭಿಣಿಯಾದ ಹೊಸ ಸೊಸೆಗೂ ಆಡುತ್ತಾರೆ. ಇಪ್ಪತ್ತರ ಸೊಸೆಗೂ ಐವತ್ತರ ಅತ್ತೆಗೂ ಒಂದೇ ವಾಕ್ಯ. ಒಂದಕ್ಕೆ ಸಕ್ಕರೆ ಹಂಚುತ್ತಾರೆ, ಇನ್ನೊಂದನ್ನು ಕೇಳಿದವರಿಲ್ಲ. ನಮ್ಮಲ್ಲಿ ಮಾತ್ರ ಹೀಗೆಂದುಕೊಳ್ಳಬೇಕಾಗಿಲ್ಲ. ಯುರೋಪಿನಲ್ಲಿಯೂ ಇದಕ್ಕೊಂದು ಹೆಸರು ನಿಂತದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಗಾರ್ಡಾನ್ ಎಂಬ ಫ್ರೆಂಚ್ ವೈದ್ಯ 1821ರಲ್ಲಿ ‘ಮೆನೊಪಾಸ್’ ಎಂಬ ಪದವನ್ನು ಬಳಕೆಗೆ ತಂದ.

ಶಾಸ್ತ್ರದಲ್ಲಿ ಇರಲಿಲ್ಲವೇ ಎಂದರೆ, ಇತ್ತು. ಹನ್ನೆರಡನೆಯ ವರ್ಷದಿಂದ ಮೊದಲಾಗುವ ರಜಸ್ಸು, ಮುಪ್ಪಿನಿಂದ ಮೈ ಮಾಗಿದ ಮೇಲೆ ಐವತ್ತರ ಹೊತ್ತಿಗೆ ಕ್ಷಯಿಸುತ್ತದೆಂದು ಸುಶ್ರುತ ಸಂಹಿತೆ ಹೇಳುತ್ತದೆ. ಅದು ಬೇನೆಯಲ್ಲ, ಕಾಲಧರ್ಮ ಎಂಬ ದೃಷ್ಟಿ ಅಲ್ಲಿಯದು. ಚರಕ ಸಂಹಿತೆಯಾದರೋ ಆಹಾರ, ಬ್ರಹ್ಮಚರ್ಯಗಳ ಜೊತೆಗೆ ನಿದ್ರೆಯನ್ನೂ ಶರೀರವನ್ನು ಎತ್ತಿಹಿಡಿಯುವ ಮೂರು ಆಧಾರಗಳಲ್ಲಿ ಒಂದೆಂದು ಎಣಿಸುತ್ತದೆ. ನಿದ್ದೆಗೇಡಿಗೆ ಕಾರಣಗಳನ್ನು ಹೇಳುವಾಗ ಕೆಲಸ, ವ್ಯಾಧಿ, ವಾತಗಳ ಜೊತೆಗೆ ‘ಕಾಲ’ವನ್ನೂ ಸೇರಿಸುತ್ತದೆ. ಮುಟ್ಟು ನಿಲ್ಲುವುದು ಒಂದು ಗ್ರಂಥದಲ್ಲಿ, ನಿದ್ದೆ ಕೆಡುವುದು ಇನ್ನೊಂದರಲ್ಲಿ. ಇವೆರಡನ್ನೂ ಒಂದೇ ಹೆಂಗಸಿನ ಒಂದೇ ರಾತ್ರಿಯಲ್ಲಿ ಕೂಡಿಸಿ ನೋಡಲು ಹೆಂಗಸೇ ವೈದ್ಯಳಾಗಿರಬೇಕಿತ್ತು ಎಂದು ನನಗೆ ತೋರುತ್ತದೆ.

ಇನ್ನು ನಮ್ಮ ಸೀಮೆಯ ಜನಜೀವನವನ್ನು ಬರೆದಿಟ್ಟ ಮಹನೀಯರು. ಬುಕಾನನ್ ಸಾಹೇಬ 1800ರಲ್ಲಿ ಮಧುಗಿರಿ, ಸಿರಾಗಳ ಮೇಲೆ ಹಾದುಹೋದ. ಬೆಳೆ, ಬೆಲೆ, ದನ, ಕುರಿ, ಜಾತಿಗಳ ಕಟ್ಟಳೆ ಎಲ್ಲವನ್ನೂ ಕೇಳಿ ಬರೆದುಕೊಂಡ. 1909ರಲ್ಲಿ ಥರ್ಸ್ಟನ್ನನ ಏಳು ಸಂಪುಟಗಳು ಬಂದವು. ಆಮೇಲೆ ನಂಜುಂಡಯ್ಯನವರು ಮತ್ತು ಅನಂತಕೃಷ್ಣ ಅಯ್ಯರ್ ಅವರು ಮೈಸೂರಿನ ಬುಡಕಟ್ಟು, ಜಾತಿಗಳನ್ನು ಕುರಿತು ದೊಡ್ಡ ಗ್ರಂಥವನ್ನು ಕೊಟ್ಟರು. ಹುಟ್ಟು, ಮೈನೆರೆಯುವುದು, ಮದುವೆ, ಬಸಿರು, ಬಾಣಂತನ, ಸಾವು ಇವಕ್ಕೆಲ್ಲ ಅಲ್ಲಿ ಜಾಗವುಂಟು. ಮುಟ್ಟು ನಿಲ್ಲುವುದಕ್ಕೆ ಒಂದು ಶೀರ್ಷಿಕೆಯನ್ನು ನಾನು ಕಂಡಿಲ್ಲ. ಶಾಸ್ತ್ರವಿಲ್ಲದ, ಊಟವಿಲ್ಲದ, ಪುರೋಹಿತನಿಲ್ಲದ ಘಟನೆ ಅದು. ಬರೆದುಕೊಳ್ಳುವವನಿಗೆ ಕಾಣುವಂಥದು ಏನೂ ನಡೆಯುವುದಿಲ್ಲ.

ಆದರೆ ನಡೆಯುವುದೇ ಇಲ್ಲವೆಂದರೆ ತಪ್ಪಾದೀತು. ಈ ನಾಲ್ಕು ತಾಲ್ಲೂಕುಗಳಲ್ಲಿಯೂ ಕಾಡುಗೊಲ್ಲರ ಹಟ್ಟಿಗಳಿವೆ. ಸಿರಾ ಸೀಮೆಯ ಜುಂಜಪ್ಪನ ಗುಡ್ಡೆ ಅವರಿಗೆ ಪವಿತ್ರ ಸ್ಥಳ. ಮುಳ್ಳಿನ ಬೇಲಿ ಸುತ್ತಿದ ಹಟ್ಟಿಯೊಳಗೆ ದೇವರಿದ್ದಾನೆ; ಮುಟ್ಟಾದ ಹೆಂಗಸು ಬೇಲಿಯಾಚೆ ಇರಬೇಕೆಂಬುದು ಹಿಂದಿನಿಂದ ಬಂದ ಕಟ್ಟಳೆ. ಬಾಣಂತಿಗೆ ಇನ್ನೂ ಹೆಚ್ಚು ದಿನ. ಹೆರಿಗೆಯಾದವಳು ಊರಿಂದಾಚೆ ಸೊಪ್ಪಿನ ಗುಡಿಸಲಲ್ಲಿ ಕೂಸಿನೊಡನೆ ಇರುತ್ತಿದ್ದುದನ್ನು ಥರ್ಸ್ಟನ್ನನ ಗ್ರಂಥದಲ್ಲಿಯೂ ಕಾಣಬಹುದು. ಈಗ ಎಷ್ಟೋ ಹಟ್ಟಿಗಳಲ್ಲಿ ಇದು ಸಡಿಲಿದೆ, ಕೆಲವೆಡೆ ಸಡಿಲಿಲ್ಲ. ಹೆಂಗಸರು ಬಯಲಲ್ಲಿ ಮಲಗಬಾರದೆಂದು ಸರಕಾರ ಕೆಲವು ಹಟ್ಟಿಗಳ ಬಳಿ ‘ಕೃಷ್ಣ ಕುಟೀರ’ ಎಂಬ ಕಟ್ಟಡಗಳನ್ನು ಕಟ್ಟಿಸಿತು. ಕಟ್ಟಳೆಗೆ ಗಾರೆ ಹಾಕಿ ಗಟ್ಟಿಮಾಡಿದಂತಾಯಿತೆಂದು ಆಕ್ಷೇಪಿಸಿದವರೂ ಉಂಟು. ಆ ಆಕ್ಷೇಪಣೆಯಲ್ಲಿ ಹುರುಳಿದೆ. ಮುಟ್ಟಾದವರನ್ನೂ ಬಸುರಿಯರನ್ನೂ ಹೀಗೆ ಪ್ರತ್ಯೇಕವಾಗಿಡುವುದನ್ನು 2017ರ ಮೌಢ್ಯಾಚರಣೆ ತಡೆಯ ಕಾನೂನು ಅಪರಾಧಗಳ ಪಟ್ಟಿಗೆ ಸೇರಿಸಿದೆ. ಅದು ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಇದನ್ನು ಓದಿ ಉಳಿದ ಜಾತಿಯವರು ಮೂಗು ಮುರಿಯುವುದು ಬೇಡ. ನಮ್ಮ ಮನೆಯಲ್ಲಿಯೂ ಹಿತ್ತಲ ಬಾಗಿಲ ಬಳಿ ‘ಹೊರಗಾದವರ’ ಕೋಣೆ ಇತ್ತು. ಅದರೊಳಗೆ ಒಂದು ಚಾಪೆ, ಒಂದು ಚೊಂಬು. ಬೇಲಿ ಇರಲಿಲ್ಲ, ಅಷ್ಟೇ.

ಹೀಗೆ ಮೂವತ್ತು, ಮೂವತ್ತೈದು ವರ್ಷ ತಿಂಗಳಿಗೆ ಮೂರು ರಾತ್ರಿ ಹೊರಗೆ ಕಳೆದವಳಿಗೆ ಮುಟ್ಟು ನಿಂತಿತೆಂದರೆ ಅದು ಬಿಡುಗಡೆ. ಇನ್ನು ಮಳೆಯಲ್ಲಿ, ಚಳಿಯಲ್ಲಿ, ನಾಯಿ ನರಿಯ ಭಯದಲ್ಲಿ ಮಲಗಬೇಕಾಗಿಲ್ಲ. ದೇವರ ಕೆಲಸಕ್ಕೆ ಕೈ ಹಾಕಬಹುದು. ಸಿರಾದಿಂದಾಚೆಯ ಹಟ್ಟಿಯೊಂದರಲ್ಲಿ ಒಬ್ಬ ಮುದುಕಿ ನನಗೆ ಹೇಳಿದ್ದುಂಟು: “ಈಗ ನಾನೂ ಗಂಡಸ್ರ ಸಮ ಕಣವ್ವ, ಎಲ್ಲಿಗ್ ಬೇಕಾದ್ರೂ ಹೋಯ್ತೀನಿ.” ನಿದ್ದೆಯ ವಿಚಾರ ಕೇಳಿದೆ. ನಕ್ಕಳು. “ನಿದ್ದೆ ಎಲ್ಲಿಂದ ಬಂದೀತು? ಹೊರಗ್ ಮಲಗ್ದಾಗ ಹೆದರಿಕೇಲಿ ಬರಲಿಲ್ಲ, ಒಳಗ್ ಮಲಗ್ದಾಗ ಉರೀಲಿ ಬರಲಿಲ್ಲ.”

ಮಾರ್ಷಾ ಫ್ಲಿಂಟ್ ಎಂಬ ಅಮೆರಿಕದ ವಿದುಷಿ ರಾಜಸ್ಥಾನ, ಹಿಮಾಚಲ ಪ್ರದೇಶಗಳ 483 ಮಂದಿ ರಜಪೂತ ಹೆಂಗಸರನ್ನು ಮಾತನಾಡಿಸಿ 1975ರಲ್ಲಿ ಒಂದು ಲೇಖನ ಪ್ರಕಟಿಸಿದಳು. ಮುಟ್ಟು ನಿಂತದ್ದರಿಂದ ಬಹುತೇಕ ಯಾರಿಗೂ ಹೇಳಿಕೊಳ್ಳುವಂಥ ಕಷ್ಟವಾಗಿರಲಿಲ್ಲವೆಂದು ಆಕೆಗೆ ಕಂಡಿತು. ಪರದೆಯಿಂದ ಹೊರಗೆ ಬಂದು ಗಂಡಸರ ನಡುವೆ ಕೂರುವ ಸ್ವಾತಂತ್ರ್ಯ ಅವರಿಗೆ ಆಗ ಸಿಗುತ್ತಿತ್ತು. ಸಮಾಜ ಇದನ್ನು ಬಹುಮಾನವಾಗಿ ಕೊಟ್ಟರೆ ಮೈಯೂ ಅದನ್ನು ಹಾಗೆಯೇ ಸ್ವೀಕರಿಸುತ್ತದೆಂಬುದು ಆಕೆಯ ವಾದ. ಪಶ್ಚಿಮದಲ್ಲಿ ಆ ಲೇಖನ ಬಹಳ ಹೆಸರು ಮಾಡಿತು. ವಾದದಲ್ಲಿ ಒಂದು ಪಾಲು ಸತ್ಯವಿದೆ. ಆದರೆ ನಮ್ಮ ಹಟ್ಟಿಯ ಮುದುಕಿಯ ಮಾತನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ನನಗನ್ನಿಸುವುದು ಬೇರೆ. ಬಿಡುಗಡೆಯ ಸಂತೋಷ ದೊಡ್ಡದಾದದ್ದರಿಂದ ಉರಿ ಇಲ್ಲವಾಗಲಿಲ್ಲ, ಹೇಳಿಕೊಳ್ಳುವ ಅಗತ್ಯ ಇಲ್ಲವಾಯಿತು. ದೇವರ ಮನೆಗೆ ಬಾ ಎಂದು ಕರೆಸಿಕೊಂಡವಳು ರಾತ್ರಿ ನಿದ್ದೆ ಬಾರದೆಂದು ದೂರುತ್ತಾಳೆಯೇ?

ಹೇಳಿಕೊಳ್ಳದಿರಲು ಇನ್ನೊಂದು ಕಾರಣವೂ ಇತ್ತು, ಅದು ಮನೆಯೊಳಗೇ ಇತ್ತು: ರಾಗಿಕಲ್ಲು. ನಮ್ಮದು ರಾಗಿಯ ಸೀಮೆ. ಹಗಲು ಮುದ್ದೆಯಾಗಬೇಕಾದರೆ ಮುಂಗೋಳಿ ಕೂಗುವುದಕ್ಕೆ ಮುಂಚೆ ರಾಗಿ ಹಿಟ್ಟಾಗಬೇಕು. ಹತ್ತು ಜನರ ಸಂಸಾರಕ್ಕೆ ಬೀಸುವುದು ಒಂದು ಗಳಿಗೆಯ ಕೆಲಸವಲ್ಲ. ಮನೆಯಲ್ಲಿ ಎಳೆಯ ಸೊಸೆಯಂದಿರಿಗೆ ಕೂಸುಗಳ ಕಾಟ; ಆ ಹೊತ್ತಿನಲ್ಲಿ ಅವರ ಕಣ್ಣು ಬಿಡಿಸುವುದು ಕಷ್ಟ. ಮೊದಲು ಏಳುತ್ತಿದ್ದವಳು ಯಾರು? ಯಾರಿಗೆ ಮೊದಲೇ ಎಚ್ಚರವಾಗಿತ್ತೋ ಅವಳು. ಎರಡೋ ಮೂರೋ ಗಂಟೆಗೆ ಬೆವರಿ ಎದ್ದ ಅತ್ತೆ ಹೊರಗೆ ಬಂದು ಗಾಳಿಗೆ ನಿಂತು, ಮುಖಕ್ಕೆ ನೀರು ಹಾಕಿಕೊಂಡು, ಬೆಳ್ಳಿ ಮೂಡಿದೆಯೇ ಎಂದು ನೋಡಿ, ಒಳಗೆ ಹೋಗಿ ಕಲ್ಲಿನ ಮುಂದೆ ಕೂತು ಗೂಟ ಹಿಡಿಯುತ್ತಿದ್ದಳು. ನಿದ್ದೆಗೇಡಿ ಎಂದು ಯಾರೂ ಅವಳನ್ನು ಕರೆಯಲಿಲ್ಲ. “ನಮ್ಮತ್ತೆ ಬಲೇ ಗೇಯ್ಮೆಯವರು, ಕೋಳಿಗಿಂತ ಮುಂಚೆ ಏಳ್ತಾರೆ” ಎಂದು ಹೊಗಳಿದರು. ಬೇನೆ ಗುಣವಾಗಿ ಎಣಿಕೆಯಾಯಿತು.

ಬೀಸುವ ಪದಗಳ ವಿಚಾರ ಬಂದಾಗ ವಿದ್ವಾಂಸರು ಛಂದಸ್ಸನ್ನು ನೋಡುತ್ತಾರೆ, ತವರಿನ ಹಂಬಲವನ್ನು ನೋಡುತ್ತಾರೆ. ಬಡಗಣ ಸೀಮೆಯಲ್ಲಿ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದ ಮೇಲೆ ಕನ್ನಡನಾಡಿಗೆಲ್ಲ ಅವುಗಳ ಬೆಲೆ ತಿಳಿಯಿತು. ನಮಗೆ ನೆರೆಯ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದ ತಾಯಿ. ಈ ಪದಗಳೆಲ್ಲ ಹುಟ್ಟಿದ ಹೊತ್ತು ಯಾವುದು, ಆ ಹೊತ್ತಿನಲ್ಲಿ ಎಚ್ಚರವಿದ್ದವರ ವಯಸ್ಸೆಷ್ಟು ಎಂದು ಕೇಳಿದವರು ಕಡಮೆ. ಎಲ್ಲ ಪದಗಳೂ ಹೀಗೆಯೇ ಹುಟ್ಟಿದವೆಂದು ನಾನು ಸಾಧಿಸಹೊರಟಿಲ್ಲ. ಹಾಡುಗಳನ್ನು ಹೆಚ್ಚಾಗಿ ಬಲ್ಲವರು ಐವತ್ತು ದಾಟಿದವರೇ ಆಗಿರುವುದಕ್ಕೆ ನೆನಪೊಂದೇ ಕಾರಣವಾಗಿರಲಾರದು ಎಂದಷ್ಟೇ ನನ್ನ ಗುಮಾನಿ.

ಈ ಮಾತಿಗೆ ವಿಜ್ಞಾನದಿಂದ ಒಂದು ಬೆಂಬಲವೂ ಸಿಕ್ಕಿದೆ. ಹಳೆಯ ನಿದ್ದೆಗೇಡಿಗೆ ಗುಳಿಗೆಗಿಂತ ಮೊದಲು ಅಭ್ಯಾಸವನ್ನು ತಿದ್ದುವ ಚಿಕಿತ್ಸೆಯನ್ನು ಮಾಡಬೇಕೆಂದು ಈಗ ವೈದ್ಯರು ಹೇಳುತ್ತಾರೆ. ಅದರ ಒಂದು ಸೂತ್ರವನ್ನು ಬೂಟ್ಜಿನ್ ಎಂಬ ಮನಶ್ಶಾಸ್ತ್ರಜ್ಞ 1972ರಲ್ಲಿ ರೂಪಿಸಿದ: ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಹೊರಳಾಡಬೇಡ, ಎದ್ದು ಬೇರೆ ಕಡೆ ಹೋಗು, ಕಣ್ಣು ಎಳೆದಾಗ ಮಾತ್ರ ಬಂದು ಮಲಗು. ನಮ್ಮ ಅತ್ತೆಯರು ಏಳುವ ಭಾಗವನ್ನು ಚೆನ್ನಾಗಿ ಪಾಲಿಸಿದರು. ಮತ್ತೆ ಬಂದು ಮಲಗುವ ಭಾಗಕ್ಕೆ ಅವರಿಗೆ ಅವಕಾಶವಿರಲಿಲ್ಲ; ಬೀಸಿದ ಮೇಲೆ ಕಸ, ಕೊಟ್ಟಿಗೆ, ನೀರು, ಒಲೆ, ಹೊಲ. ಆದ್ದರಿಂದ ರಾಗಿಕಲ್ಲಿನ ಕಾಲವನ್ನು ನೆನೆದು ನಿಟ್ಟುಸಿರು ಬಿಡುವವರ ಜೊತೆ ನಾನಿಲ್ಲ. ಆ ಕಲ್ಲು ಎಷ್ಟು ಹೆಂಗಸರ ರಟ್ಟೆಯನ್ನು ತಿಂದಿತೋ!

ಊರಿಗೆ ಹಿಟ್ಟಿನ ಗಿರಣಿ ಬಂತು. ಮೊದಲು ಎಣ್ಣೆಯ ಎಂಜಿನ್, ಆಮೇಲೆ ಕರೆಂಟು. ರಾಗಿಕಲ್ಲು ಮೂಲೆ ಸೇರಿತು, ಕೆಲವು ಮನೆಗಳಲ್ಲಿ ಹಿತ್ತಲಿನ ಒಗೆಯುವ ಕಲ್ಲಿಗೆ ಒತ್ತಾಯಿತು. ಎಚ್ಚರ ಮಾತ್ರ ಎಲ್ಲಿತ್ತೋ ಅಲ್ಲೇ ಉಳಿಯಿತು. ಈಗ ಅದಕ್ಕೆ ಮಾಡಲು ಕೆಲಸವಿಲ್ಲ. ಎದ್ದು ಓಡಾಡಿದರೆ ಮಕ್ಕಳು “ಅಮ್ಮ, ಸುಮ್ಮನೆ ಮಲಕ್ಕೋ” ಎನ್ನುತ್ತಾರೆ. ಮನೆಯೂ ಬದಲಾಯಿತು. ಹಿಂದಿನ ಮಣ್ಣಿನ ಮಾಳಿಗೆ ಹಗಲಿನ ಬಿಸಿಲನ್ನು ಅಷ್ಟು ಬೇಗ ಒಳಗೆ ಬಿಡುತ್ತಿರಲಿಲ್ಲ. ಇಂದಿನ ತೆಳು ಸಿಮೆಂಟಿನ ತಾರಸಿ ಹಗಲೆಲ್ಲ ಕುಡಿದ ಕಾವನ್ನು ರಾತ್ರಿ ಮಲಗಿದವರ ಮೇಲೆ ಸುರಿಯುತ್ತದೆ. ಪಾವಗಡದ ಬೇಸಗೆಯಲ್ಲಿ ಇದೇನೆಂದು ಅನುಭವಿಸಿದವರಿಗೇ ಗೊತ್ತು. ಅದೇ ತಾಲ್ಲೂಕಿನ ತಿರುಮಣಿಯ ಸುತ್ತ 13,000 ಎಕರೆ ಬಯಲಿನಲ್ಲಿ ಬಿಸಿಲಿನಿಂದ 2,050 ಮೆಗಾವಾಟ್ ವಿದ್ಯುತ್ತು ತೆಗೆಯುವ ಏರ್ಪಾಡಾಗಿದೆ. ಆ ಬಿಸಿಲಿನ ಇನ್ನೊಂದು ಪಾಲನ್ನು ತಾರಸಿಯ ಕೆಳಗೆ ಮಲಗಿದ ಹೆಂಗಸು ರಾತ್ರಿ ಹೊರುತ್ತಾಳೆ.

ಮೈಯೊಳಗೆ ನಡೆಯುವುದೇನೆಂಬುದು ಈಗ ತಕ್ಕಮಟ್ಟಿಗೆ ಗೊತ್ತಾಗಿದೆ. ಅಂಡಾಶಯದಲ್ಲಿ ಈಸ್ಟ್ರೋಜನ್ ಎಂಬ ರಸ ಹುಟ್ಟುತ್ತದೆ. ಅದರ ಒಂದು ಬಗೆಯನ್ನು 1929ರಲ್ಲಿ ಶುದ್ಧರೂಪದಲ್ಲಿ ಬೇರ್ಪಡಿಸಿದರು. ಮಿದುಳಿನ ತಳದ ಹೈಪೊಥಲಮಸ್ ಮೈಶಾಖದ ಕಾವಲುಗಾರ. ಈಸ್ಟ್ರೋಜನ್ ಇಳಿದಾಗ ಅಲ್ಲಿನ ಕೆಲವು ನರಕೋಶಗಳು ಮಿತಿಮೀರಿ ಕೆರಳುತ್ತವೆ. ಎಳ್ಳಷ್ಟು ಕಾವು ಏರಿದರೂ ಬೆಂಕಿ ಬಿದ್ದಿತೆಂಬಂತೆ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಹರಿಸುತ್ತವೆ. ಅಮೆರಿಕದಲ್ಲಿ 1996ರಲ್ಲಿ ಆರಂಭಿಸಿ ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ, ಪದೇ ಪದೇ ಬರುವ ಈ ಝಳ ಸಾಮಾನ್ಯವಾಗಿ ಏಳು ವರ್ಷಕ್ಕೂ ಮಿಕ್ಕಿ ಇರುತ್ತದೆಂದು ಕಂಡಿತು. ಮದ್ದಿನ ಚರಿತ್ರೆಯೂ ನೇರವಾದದ್ದಲ್ಲ. ಬಸುರಿ ಕುದುರೆಯ ಮೂತ್ರದಿಂದ ತೆಗೆದ ಹಾರ್ಮೋನು 1940ರ ದಶಕದಲ್ಲಿ ಮಾರಾಟಕ್ಕೆ ಬಂತು. 1966ರಲ್ಲಿ ವಿಲ್ಸನ್ ಎಂಬ ವೈದ್ಯ ಪುಸ್ತಕ ಬರೆದು, ಮುಟ್ಟು ನಿಂತ ಹೆಂಗಸು ಕೊರತೆಯ ರೋಗಿ, ಗುಳಿಗೆ ನುಂಗಿದರೆ ಎಂದೆಂದಿಗೂ ಹೆಣ್ಣಾಗಿರುತ್ತಾಳೆ ಎಂದು ಸಾರಿದ. 2002ರಲ್ಲಿ ಒಂದು ದೊಡ್ಡ ಪರೀಕ್ಷೆ ಸ್ತನದ ಕ್ಯಾನ್ಸರಿನ ಶಂಕೆಯಿಂದ ನಡುವೆಯೇ ನಿಂತಿತು, ಲೋಕವೆಲ್ಲ ಹೆದರಿತು. ತಕ್ಕ ವಯಸ್ಸಿನಲ್ಲಿ, ತಕ್ಕವರಿಗೆ, ವೈದ್ಯರ ಕಣ್ಗಾವಲಿನಲ್ಲಿ ಕೊಟ್ಟರೆ ಪ್ರಯೋಜನವೇ ಹೆಚ್ಚೆಂದು ಈಗ ಹೇಳುತ್ತಾರೆ. ಈ ಏರಿಳಿತದ ಸುದ್ದಿ ಯಾವುದೂ ನಮ್ಮ ಕೊರಟಗೆರೆಯ ಸಂತೆಗೆ ತಲುಪಲಿಲ್ಲ. ಅಲ್ಲಿ ನೆತ್ತಿಗೆ ಹರಳೆಣ್ಣೆ, ಗಸಗಸೆ ಪಾಯಸ, ಸಿದ್ಧರಬೆಟ್ಟದ ಬೇರು ಇವೇ ಬಲ.

ತಲುಪಿದ್ದು ಬೇರೊಂದು: ಗರ್ಭಕೋಶ ತೆಗೆಸುವ ಆಪರೇಷನ್. ಈ ಲೇಖನವನ್ನು ಬರೆಯಲು ನನ್ನನ್ನು ಎಬ್ಬಿಸಿದ್ದು ಅದು. ಹಟ್ಟಿಯ ಹೊರಗೆ ಮಲಗುವ ಕಷ್ಟದಿಂದ ಪಾರಾಗಲು ಕೆಲವು ಹೆಂಗಸರು ಗರ್ಭಕೋಶವನ್ನೇ ತೆಗೆಸಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂದಿದೆ. ಹಟ್ಟಿಯವರಷ್ಟೇ ಅಲ್ಲ, ಬಿಳಿಸೆರಗು, ಸೊಂಟನೋವು, ಹೆಚ್ಚು ಹೋಗುವುದು, ಯಾವುದಕ್ಕೂ ‘ತೆಗೆಸಿಬಿಡಿ’ ಎಂಬ ಸಲಹೆ ಹಳ್ಳಿಗಳಲ್ಲಿ ಸುಲಭವಾಗಿ ಸಿಗುತ್ತದೆ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದೊಳಗಿನ ಭಾರತೀಯ ಹೆಂಗಸರಲ್ಲಿ ನೂರಕ್ಕೆ ಮೂವರು ಗರ್ಭಕೋಶ ತೆಗೆಸಿಕೊಂಡಿದ್ದರು. ಪಾವಗಡವನ್ನು ಬಹುಪಾಲು ಸುತ್ತುವರಿದಿರುವ ಆಂಧ್ರಪ್ರದೇಶದಲ್ಲಿ ಆ ಲೆಕ್ಕ ನೂರಕ್ಕೆ ಒಂಬತ್ತರ ಹತ್ತಿರ.

ಅವಳಿಗೆ ಯಾರೂ ಹೇಳದ ಸಂಗತಿ ಇದು: ಗರ್ಭಕೋಶದ ಜೊತೆಗೆ ಅಂಡಾಶಯಗಳನ್ನೂ ತೆಗೆದರೆ, ಹತ್ತು ವರ್ಷಗಳಲ್ಲಿ ಮೆಲ್ಲಗೆ ಇಳಿಯಬೇಕಾದದ್ದು ಕೆಲವೇ ದಿನಗಳಲ್ಲಿ ಇಳಿದುಹೋಗುತ್ತದೆ. ಝಳವೂ ಜೋರು, ನಿದ್ದೆಗೇಡೂ ಜೋರು. ಅಂಡಾಶಯ ಉಳಿಸಿದರೂ ಅದು ಕೆಲವು ವರ್ಷ ಮೊದಲೇ ಸೋಲುವುದುಂಟು. ಹೊರಗಿನ ಮೂರು ರಾತ್ರಿ ತಪ್ಪಿಸಿಕೊಳ್ಳಲೆಂದು ಮೂವತ್ತೈದಕ್ಕೆ ಆಪರೇಷನ್ ಮಾಡಿಸಿಕೊಂಡ ಒಬ್ಬಾಕೆ ಮಧುಗಿರಿಯ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕುಳಿತು, ನಾಲ್ಕು ವರ್ಷದಿಂದ ತಾನು ಪೂರ್ತಿ ಒಂದು ರಾತ್ರಿ ಮಲಗಿಲ್ಲವೆಂದಳು. ಗುಳಿಗೆ ಅಂಗಡಿಯಲ್ಲಿ ಕೊಟ್ಟ ನಿದ್ದೆಮಾತ್ರೆ ಕೈಚೀಲದಲ್ಲಿತ್ತು. ಎರಡಕ್ಕೂ ಸಂಬಂಧವಿದೆಯೆಂದು ನಾನು ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದಳು. “ಅದುನ್ನ ಆವಾಗ್ಲೇ ಒಂದ್ ಮಾತು ಹೇಳಿದ್ರೆ ಅವ್ರ ಗಂಟೇನ್ ಹೋಗ್ತಿತ್ತು ಮೇಡಂ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ, ಕೊರಟಗೆರೆಯ ಬಸ್ಸು ಬಂತು.

ಸರಕಾರದ ಲೆಕ್ಕವೂ ಬುಕಾನನ್ನನ ಲೆಕ್ಕದಂತೆಯೇ ಒಂದು ಕಡೆ ನಿಲ್ಲುತ್ತದೆ. ಆರೋಗ್ಯ ಕಾರ್ಯಕರ್ತೆಯರ ಅರ್ಹ ದಂಪತಿಗಳ ವಹಿಯಲ್ಲಿ ಹೆಂಗಸಿಗೆ ಜಾಗವಿರುವುದು 15ರಿಂದ 49ರವರೆಗೆ. ಮುಟ್ಟು, ಬಸಿರು, ಹೆರಿಗೆ, ಚುಚ್ಚುಮದ್ದು ಎಲ್ಲಕ್ಕೂ ಕಲಂ ಉಂಟು. ಐವತ್ತು ತುಂಬಿದೊಡನೆ ಅವಳು ಆ ವಹಿಯಿಂದ ಜಾರುತ್ತಾಳೆ. ಪಾವಗಡದ ಕಡೆಯ ಒಬ್ಬ ಆಶಾ ಕಾರ್ಯಕರ್ತೆಗೆ ನಾನು ಇದನ್ನು ಹೇಳಿದೆ; ಅವಳು ನನ್ನ ಹಳೆಯ ವಿದ್ಯಾರ್ಥಿನಿ, ಸುಬೇದಾರರ ಹೆಸರು ಒಂದೂ ಅವಳಿಗೆ ನೆನಪಿಲ್ಲ. ಮುಂದಿನ ಸಲ ಕಂಡಾಗ ತನ್ನ ನೋಟುಪುಸ್ತಕದ ಕೊನೆಯ ಹಾಳೆಯನ್ನು ತೆರೆದು ತೋರಿಸಿದಳು. ಕೈಯಿಂದ ಗೆರೆ ಎಳೆದು ಮೂರು ಕಲಂ ಮಾಡಿದ್ದಳು: ಹೆಸರು, ಮುಟ್ಟು ನಿಂತ ವರ್ಷ, ರಾತ್ರಿ ಎಷ್ಟು ಗಂಟೆಗೆ ಎಚ್ಚರ. ಹನ್ನೊಂದು ಹೆಸರುಗಳಿದ್ದವು. ಮೂರನೆಯ ಕಲಮಿನಲ್ಲಿ ಒಂಬತ್ತು ಕಡೆ ಎರಡು, ಎರಡೂವರೆ, ಮೂರು ಎಂದಿತ್ತು. ಹನ್ನೊಂದನೆಯದು ಅವಳ ತಾಯಿಯ ಹೆಸರು.